ಹೊದಿಕೆಯೊಳಗಿನ ಬೇಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಜಗಳೂರಿನ ಪೇಟೆಬೀದಿಯ ಪುಟ್ಟ ಅಂಗಡಿಯೊಂದರಲ್ಲಿ ಗಣಕಯಂತ್ರದ ಮುಂದೆ ನಾಲ್ಕಾರು ಮಂದಿ ಕಾದು ನಿಂತಿದ್ದಾರೆ. ಹಳ್ಳಿಯಿಂದ ಬಂದ ರೈತನಿಗೆ ಸಾಲದ ಅರ್ಜಿಯೊಡನೆ ಲಗತ್ತಿಸಲು ಪಹಣಿಯ ಪ್ರತಿ ಬೇಕು. ಅವನ ಹಿಂದಿರುವ ಹುಡುಗಿಗೆ ಪ್ರವೇಶ ಪರೀಕ್ಷೆಯ ಅರ್ಜಿ ತುಂಬಲು ಅದೇ ಕಡೆಯ ದಿನ. ಬೆಳಿಗ್ಗೆ ಚುರುಕಾಗಿದ್ದ ಯಂತ್ರ ಈಗ ಒಂದೊಂದು ಅಕ್ಷರಕ್ಕೂ ಯೋಚಿಸುತ್ತಿರುವಂತೆ ತೋರುತ್ತದೆ. ಒಳಗಿನ ಫ್ಯಾನ್ ಭೋರೆಂದು ಸದ್ದು ಮಾಡುತ್ತದೆ. ಮರುಕ್ಷಣ ಪರದೆ ಕಪ್ಪಾಗುತ್ತದೆ. “ಯಂತ್ರ ಹಳೆಯದಾಯಿತು, ಹೊಸದು ತರಬೇಕು” ಎಂದು ಅಂಗಡಿಯವನು ನಿಟ್ಟುಸಿರುಬಿಡುತ್ತಾನೆ. ರೈತ ಬಸ್ಸಿನ ವೇಳೆಯನ್ನು ಲೆಕ್ಕಹಾಕುತ್ತಾನೆ.

ಇಂತಹ ದೃಶ್ಯ ಜಗಳೂರಿಗಷ್ಟೇ ಮೀಸಲಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿಯೂ ಕಾಣಬರುವಂಥದೇ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ಕೊಡತೊಡಗಿತು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನದೇ ಭಾಗವಾಗಿತ್ತು. ಅಂದಿನಿಂದ ಈ ಯಂತ್ರ ಕಚೇರಿಯನ್ನು ದಾಟಿ ಅಂಗಡಿಗೆ, ಶಾಲೆಗೆ, ಮನೆಯ ನಡುಮನೆಗೆ ಬಂದು ನೆಲೆಸಿದೆ. ಹೀಗಾಗಿ ಅದು ಬಳಲಿ ನಿಂತರೆ ನಷ್ಟ ಯಂತ್ರದ ಒಡೆಯನೊಬ್ಬನದೇ ಅಲ್ಲ. ಅದರ ಮುಂದೆ ಕಾದು ನಿಂತವನ ಒಂದು ದಿನದ ಕೂಲಿಯೂ ಹೋಗುತ್ತದೆ.

ಯಂತ್ರ ನಿಧಾನವಾಗಲು ಕಾರಣಗಳು ಹಲವು. ಆದರೆ ಬೆಳಗಿನ ತಂಪಿನಲ್ಲಿ ಚುರುಕಾಗಿದ್ದು, ಮಧ್ಯಾಹ್ನ ಮಂದವಾಗಿ, ಫ್ಯಾನಿನ ಸದ್ದು ಏರಿ, ತಾನಾಗಿಯೇ ಆರಿಹೋಗುವ ಯಂತ್ರವನ್ನು ಕಂಡಾಗ ಮೊದಲು ಶಂಕಿಸಬೇಕಾದದ್ದು ಅದರ ವಯಸ್ಸನ್ನಲ್ಲ, ಬೇಗೆಯನ್ನು.

ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರ್ ಅಂಚೆಚೀಟಿಯಷ್ಟಗಲದ ಸಿಲಿಕಾನ್ ಬಿಲ್ಲೆ. ಸಾಮಾನ್ಯವಾದ ಮೇಜಿನ ಯಂತ್ರಗಳಲ್ಲಿ ಅದು ಕಷ್ಟಪಟ್ಟು ದುಡಿಯುವಾಗ ಸುಮಾರು 65 ವಾಟ್ ವಿದ್ಯುತ್ತನ್ನು ಬಳಸುವುದುಂಟು. ಅದರಲ್ಲಿ ಬಹುಮಟ್ಟಿಗೆ ಎಲ್ಲವೂ ಶಾಖವಾಗಿಯೇ ಹೊರಬೀಳುತ್ತದೆ. ಹಳೆಯ ಕಾಲದ 60 ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿ ಕೈ ಸುಟ್ಟುಕೊಂಡವರು ಆ ಬಿಸಿಯನ್ನು ಬಲ್ಲರು. ಅಷ್ಟೇ ಬಿಸಿ ಒಂದು ಪುಟ್ಟ ಬಿಲ್ಲೆಯಲ್ಲಿ ಹುಟ್ಟಿದರೆ ಹೇಗಿರಬೇಡ! ಅದನ್ನು ಹೊರಸಾಗಿಸುವುದಕ್ಕಾಗಿ ಬಿಲ್ಲೆಯ ಮೇಲೆ ಬಹಳ ಎಲೆಗಳುಳ್ಳ ಲೋಹದ ಹೀಟ್‌ಸಿಂಕನ್ನೂ ಅದರ ಮೇಲೊಂದು ಫ್ಯಾನನ್ನೂ ಕೂರಿಸಿರುತ್ತಾರೆ. ಬಿಲ್ಲೆಯ ಶಾಖ ಲೋಹಕ್ಕೆ, ಲೋಹದಿಂದ ಗಾಳಿಗೆ, ಗಾಳಿಯಿಂದ ಪೆಟ್ಟಿಗೆಯ ಹೊರಕ್ಕೆ ಹೋಗಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಶಾಖ ಹಿಂದಕ್ಕೆ ಸರಿದು ಬಿಲ್ಲೆಯಲ್ಲಿಯೇ ತುಂಬಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಮಾತಿದೆ. ಫ್ಯಾನ್ ಹೊಸ ತಂಪನ್ನು ಸೃಷ್ಟಿಸಲಾರದು. ಕೋಣೆಯ ಗಾಳಿಯನ್ನೇ ಬೀಸುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 65 ಡಿಗ್ರಿಗೆ ನಿಲ್ಲುವ ಪ್ರೊಸೆಸರ್, 38 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ 78 ಡಿಗ್ರಿ ಮುಟ್ಟುತ್ತದೆ. ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿನಲ್ಲಿ ಆತ್ಮರಕ್ಷಣೆಗಾಗಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತವೆ. ಅಂಗಡಿಯವನು ಮುಪ್ಪೆಂದು ತಿಳಿದದ್ದು ವಾಸ್ತವವಾಗಿ ಯಂತ್ರದ ವಿವೇಕ.

ಈ ತತ್ತ್ವ ಈ ಸೀಮೆಯವರಿಗೆ ಹೊಸದೇನಲ್ಲ. ಹಸಿ ಮೆಕ್ಕೆಜೋಳವನ್ನು ರಾಶಿಹಾಕಿ ಮುಚ್ಚಿಟ್ಟರೆ ಒಳಗೊಳಗೇ ಕಾವೇರಿ ಕೆಡುತ್ತದೆಂದು ನ್ಯಾಮತಿಯ ರೈತ ಬಲ್ಲ. ಆದುದರಿಂದಲೇ ಅದನ್ನು ಕಣದಲ್ಲಿ ಹರಡಿ ಕೈಯಾಡಿಸುತ್ತಾನೆ. ಬೇಯಿಸಿದ ಅಡಿಕೆಯನ್ನು ಚನ್ನಗಿರಿಯ ತೋಟದವರು ತೆರೆದ ಅಂಗಳದಲ್ಲಿ ಹರವುತ್ತಾರೆಯೇ ಹೊರತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಆದರೆ ಅದೇ ಮನೆಯ ನಡುಮನೆಯಲ್ಲಿ ಗಣಕಯಂತ್ರದ ಗತಿಯೇ ಬೇರೆ. ಬೆಲೆಬಾಳುವ ವಸ್ತುವೆಂಬ ಅಕ್ಕರೆಯಿಂದ, ಹಿಂದೆ ರೇಡಿಯೋಗೆ ಹೊದಿಸುತ್ತಿದ್ದಂತೆ, ಕಸೂತಿಯ ಬಟ್ಟೆ ಹೊದಿಸುತ್ತಾರೆ. ಮೇಜಿನ ಕೆಳಗಿನ ಬಾಗಿಲುಳ್ಳ ಗೂಡಿನಲ್ಲಿ ತುರುಕುತ್ತಾರೆ. ಬಳಸದಿರುವಾಗ ಹೊದಿಕೆ ಧೂಳನ್ನು ತಡೆಯುತ್ತದೆ, ನಿಜ; ಯಂತ್ರ ನಡೆಯುತ್ತಿರುವಾಗ ಅದೇ ಹೊದಿಕೆ ಉಸಿರು ಕಟ್ಟಿಸುತ್ತದೆ.

ಪರಿಹಾರ ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಮೊದಲನೆಯದು, ಸ್ಥಳ. ಪೆಟ್ಟಿಗೆಯನ್ನು ಬರಿನೆಲದಿಂದ ಮೇಲೆ, ಬಿಸಿಲು ಬೀಳದ ಕಡೆ, ಹಿಂಬದಿಯ ಗೋಡೆಯಿಂದ ಅರ್ಧ ಅಡಿಯಾದರೂ ದೂರದಲ್ಲಿ ಇಡುವುದು. ಸಾಮಾನ್ಯವಾಗಿ ತಂಪುಗಾಳಿ ಮುಂದಿನಿಂದ ಒಳಬಂದು ಬಿಸಿಗಾಳಿ ಹಿಂದಿನಿಂದ ಹೊರಹೋಗುತ್ತದೆ. ಎರಡು ದಾರಿಗಳೂ ತೆರೆದಿರಬೇಕು.

ಎರಡನೆಯದು, ಧೂಳು. ಸುಗ್ಗಿಯಲ್ಲಿ ಹೊನ್ನಾಳಿಯ ಭತ್ತದ ಹೊಟ್ಟು, ಬೇಸಗೆಯಲ್ಲಿ ಜಗಳೂರಿನ ಒಣಗಾಳಿಯ ಮಣ್ಣು, ಇವೆಲ್ಲ ಹೀಟ್‌ಸಿಂಕಿನ ಎಲೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಧೂಳು ಹೆಚ್ಚಿರುವ ಕಡೆ ಎರಡು ಮೂರು ತಿಂಗಳಿಗೊಮ್ಮೆ, ಉಳಿದೆಡೆ ಆರು ತಿಂಗಳಿಗೊಮ್ಮೆ ಶುಚಿಗೊಳಿಸುವುದು ಲೇಸು. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪೆಟ್ಟಿಗೆಯನ್ನು ಹೊರಗೆ ಒಯ್ದು ತೆರೆಯಬೇಕು. ಒಳಗೆ ಕೈಹಾಕುವ ಮುನ್ನ ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿದರೆ ಮೈಯಲ್ಲಿನ ಸ್ಥಿರವಿದ್ಯುತ್ತು ಹರಿದುಹೋಗುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು, ಮೆತ್ತನೆಯ ಕುಂಚದಿಂದ ಅಥವಾ ಗಾಳಿಯೂದುವ ಸಾಧನದಿಂದ ಧೂಳನ್ನು ಬಿಡಿಸಬೇಕು. ಒದ್ದೆಬಟ್ಟೆ ಸರ್ವಥಾ ಕೂಡದು. ವಿದ್ಯುತ್ ಪೂರೈಸುವ ಮುಚ್ಚಿದ ಡಬ್ಬಿಯನ್ನು ತಂತಿ ಕಿತ್ತ ಮೇಲೂ ಬಿಚ್ಚಬಾರದು. ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಮೂರನೆಯದು, ಲೇಪ. ಪ್ರೊಸೆಸರ್ ಮತ್ತು ಹೀಟ್‌ಸಿಂಕುಗಳ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾದ ತಗ್ಗುತೆವರುಗಳಿಂದ ಕೂಡಿರುತ್ತದೆ. ಆ ಸಂದುಗಳನ್ನು ತುಂಬಿ ಶಾಖವನ್ನು ದಾಟಿಸಲೆಂದು ನಡುವೆ ಥರ್ಮಲ್ ಪೇಸ್ಟ್ ಹಚ್ಚಿರುತ್ತಾರೆ. ಕೆಲವು ವರ್ಷಗಳಲ್ಲಿ ಅದು ಒಣಗಬಹುದು. ಧೂಳು ತೆಗೆದರೂ ಬಿಸಿ ತಗ್ಗದಿದ್ದರೆ, ಬಲ್ಲವರಿಂದ ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿಸಿ, ಸಣ್ಣ ಬಟಾಣಿಯಷ್ಟು ಹೊಸ ಲೇಪ ಹಾಕಿಸಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂಬುದು ತಪ್ಪು. ದಪ್ಪನೆಯ ಲೇಪವೇ ಶಾಖಕ್ಕೆ ಅಡ್ಡಿಯಾಗುತ್ತದೆ.

ಪಕ್ಕದ ತಗಡನ್ನು ಕಳಚಿ ಮೇಜಿನ ಫ್ಯಾನ್ ತಿರುಗಿಸುವ ರೂಢಿಯೂ ಉಂಟು. ತುರ್ತಿನ ಒಂದು ಮಧ್ಯಾಹ್ನಕ್ಕೆ ಅದು ಸರಿ. ನಿತ್ಯವೂ ಹಾಗೆಯೇ ಬಿಟ್ಟರೆ ತಂಪಿನ ಜೊತೆಗೆ ಬೀದಿಯ ಧೂಳೆಲ್ಲ ನೇರವಾಗಿ ಒಳಸೇರುತ್ತದೆ. ಬಿಸಿಯನ್ನು ಊಹಿಸುತ್ತ ಕೂರುವ ಅಗತ್ಯವೂ ಇಲ್ಲ: ಉಷ್ಣತೆಯನ್ನು ತೋರಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ದುಡಿಮೆಯ ಹೊತ್ತಿನಲ್ಲಿ 80 ಡಿಗ್ರಿಯೊಳಗಿದ್ದರೆ ನಿಶ್ಚಿಂತೆ. ಪದೇಪದೇ 90 ದಾಟಿದರೆ ಪೆಟ್ಟಿಗೆಯನ್ನು ತೆರೆಯುವ ಕಾಲ ಬಂದಿತೆಂದು ತಿಳಿಯಬಹುದು.

ಅಂಗಡಿಯವನು ಹೊಸ ಯಂತ್ರಕ್ಕೆ ಸಾಲ ಹುಡುಕುವ ಮೊದಲು ಒಂದು ಕುಂಚ ಹಿಡಿದು ಅರ್ಧ ಗಂಟೆ ಕಳೆದರೆ, ಬಹುಶಃ ಸಾಲದ ಪ್ರಮೇಯವೇ ಬಾರದು. ಮುಚ್ಚಿಡುವುದೊಂದೇ ಕಾಪಾಡುವ ಬಗೆಯಲ್ಲ. ಕೆಲವನ್ನು ತೆರೆದಿಟ್ಟು, ಗಾಳಿಗೊಡ್ಡಿ ಕಾಪಾಡಬೇಕಾಗುತ್ತದೆ. ಹಾಗೆ ಮಾಡಿದ ದಿನ ಹುಡುಗಿಯ ಅರ್ಜಿ ವೇಳೆಗೆ ಮುನ್ನವೇ ಸೇರುತ್ತದೆ. ಪಹಣಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ ರೈತ ಸಂಜೆಯ ಬಸ್ಸನ್ನು ಹಿಡಿಯುತ್ತಾನೆ.