ಚಂದ್ರವಳ್ಳಿಯಲ್ಲಿ ಒಂದು ಹಗಲು

ನೀವಿಬ್ಬರೇ ಎಲ್ಲಿಗಾದರೂ ಹೋಗಿ ಎಷ್ಟು ಕಾಲವಾಯಿತು? ಮದುವೆ ಮನೆ, ಆಸ್ಪತ್ರೆ ಲೆಕ್ಕಕ್ಕಿಲ್ಲ. ನಮಗೆ ಹನ್ನೊಂದು ವರ್ಷವಾಗಿತ್ತು. ಬೆಂಗಳೂರು ಸುತ್ತಿ ದೊಡ್ಡ ಹೋಟೆಲಿನಲ್ಲಿ ಉಣ್ಣುವ ಆಸೆ ನನ್ನದು. ಖರ್ಚಿನ ಲೆಕ್ಕ ಹಾಕಿದ ಇವರು, "ಚಿತ್ರದುರ್ಗ ನೋಡೋಣ" ಎಂದರು. ಮುನಿಸಿಕೊಂಡೇ ಹೊರಟೆ.

ಮಾರ್ಚ್ ತಿಂಗಳು, ಬೇವು ಹೂ ಬಿಟ್ಟಿತ್ತು. ಬೆಳಿಗ್ಗೆಯೇ ಚಂದ್ರವಳ್ಳಿಗೆ ಹೋದೆವು. ಬಿಸಿಲೇರಿದರೆ ಅಲ್ಲಿನ ಬಂಡೆಗಳು ಕಾದ ಹೆಂಚು. ಬೆಟ್ಟಗಳ ನಡುವೆ ಕೆರೆ. ಅದರ ಬಳಿಯ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ. ಕೆರೆಯ ಸಂಗತಿಯೇ ಅದರಲ್ಲಿದೆ. ಎಂ.ಎಚ್. ಕೃಷ್ಣ, ಅವರ ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು. ಶಾತವಾಹನರ ನಾಣ್ಯಗಳಲ್ಲದೆ ರೋಮಿನ ಬೆಳ್ಳಿ ನಾಣ್ಯಗಳೂ ಈ ಮಣ್ಣಿನಲ್ಲಿ ಸಿಕ್ಕಿವೆ. ನಾನು ಸಣ್ಣ ಊರೆಂದು ಮೂಗು ಮುರಿದ ಜಾಗವಿದು!

ಅಂಕಲಿ ಮಠದ ಗುಹೆಯೊಳಗೆ ಗವ್ವೆನ್ನುವ ಕತ್ತಲು. ಬಗ್ಗಿ ಇಳಿಯುವಾಗ ಇವರು ನನ್ನ ಕೈ ಹಿಡಿದುಕೊಂಡರು. ಮೇಲೆ ಬಂದ ಮೇಲೂ ಬಿಡಲಿಲ್ಲ. ಮನೆಯಲ್ಲಿ ನಾಲ್ಕು ಜನರೆದುರು ನನ್ನನ್ನು ಹೆಸರು ಹಿಡಿದೂ ಕರೆಯದವರು.

ಮಧ್ಯಾಹ್ನ ಪೇಟೆಯ ಸಣ್ಣ ಹೋಟೆಲಿನಲ್ಲಿ ಬೆಣ್ಣೆ ದೋಸೆ. ಕಾವಲಿಯಿಂದ ಇಳಿದ ಬಿಸಿ ದೋಸೆಯನ್ನು ನಾನು ಕೂತು ತಿಂದದ್ದು ಯಾವಾಗಲೋ! "ಅಮ್ಮಿಗೂ ಮಕ್ಕಳಿಗೂ ಕಟ್ಟಿಸಲಾ?" ಎಂದರು ಇವರು.

"ಕಟ್ಟಿಸಿ. ಮೊದಲು ನನಗಿನ್ನೊಂದು ಹೇಳಿ" ಎಂದೆ.