ಶಾಲೆ ಓಡುವುದೋ, ನಡೆಯುವುದೋ?

ಇಂಗ್ಲಿಷ್ ಭಾಷೆಯಲ್ಲಿ ‘ರನ್’ ಎಂಬುದೊಂದು ಪುಟ್ಟ ಪದ. ಬರೆದರೆ ಮೂರೇ ಅಕ್ಷರ. ಉಚ್ಚರಿಸಿದರೆ ಒಂದೇ ಉಸಿರು. ಪ್ರಾಥಮಿಕ ಶಾಲೆಯ ಬಾಲಕನೂ ಅದರ ಅರ್ಥವನ್ನು ತಡವರಿಸದೆ ಹೇಳಬಲ್ಲನು: ‘ರನ್’ ಎಂದರೆ ಓಡು. ಉಪಾಧ್ಯಾಯರು ಕರಿಹಲಗೆಯ ಮೇಲೆ ಹಾಗೆಂದು ಬರೆದಿರುತ್ತಾರೆ; ಬಾಲಕನು ತನ್ನ ನೋಟುಬುಕ್ಕಿಗೆ ಅದನ್ನು ಇಳಿಸಿಕೊಂಡು ಕಂಠಪಾಠ ಮಾಡಿರುತ್ತಾನೆ. ಅಲ್ಲಿಗೆ ಆ ಪದದ ಋಣ ತೀರಿತೆಂದು ಇಬ್ಬರೂ ಸಮಾಧಾನ ತಾಳುತ್ತಾರೆ. ಕೆಲವು ದಿನಗಳ ತರುವಾಯ ಪಾಠದಲ್ಲಿ ಇನ್ನೊಂದು ವಾಕ್ಯ ಎದುರಾಗುತ್ತದೆ: ‘ದಿ ಹೆಡ್‌ಮಾಸ್ಟರ್ ರನ್ಸ್ ದಿ ಸ್ಕೂಲ್.’ ಬಾಲಕನು ಎದ್ದುನಿಂತು, ಕಲಿತುದನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತಾನೆ: ‘ಮುಖ್ಯೋಪಾಧ್ಯಾಯರು ಶಾಲೆಗೆ ಓಡುತ್ತಾರೆ.’ ತರಗತಿಗೆ ತರಗತಿಯೇ ನಗುತ್ತದೆ. ನಗೆ ಅರೆಗಳಿಗೆಯಲ್ಲಿ ಅಡಗುತ್ತದೆ. ಆದರೆ ಆ ಬಾಲಕನು ಇಂಗ್ಲಿಷ್ ಪಾಠದ ವೇಳೆಯಲ್ಲಿ ಮತ್ತೆ ಬಹುಕಾಲ ಬಾಯಿ ತೆರೆಯುವುದಿಲ್ಲ.

ಆ ನಗೆಗಿಂತ ಆ ಮೌನವು ಹೆಚ್ಚು ವಿಚಾರಣೀಯವಾದುದು. ತಪ್ಪು ಯಾರದು? ಬಾಲಕನು ಕಲಿಸಿದುದನ್ನು ಮರೆಯಲಿಲ್ಲ, ಅಕ್ಷರಶಃ ಪಾಲಿಸಿದನು. ಒಂದು ಪದಕ್ಕೆ ಒಂದೇ ಅರ್ಥವೆಂದು ನಂಬಿಸಿದ ಬೋಧನಕ್ರಮವೇ ಅವನನ್ನು ನಡುದಾರಿಯಲ್ಲಿ ಕೈಬಿಟ್ಟಿತು. ಪದಗಳನ್ನು ಬೆಲೆಚೀಟಿ ಅಂಟಿಸಿದ ಸಾಮಾನುಗಳಂತೆ ಕಾಣುವ ಈ ಕ್ರಮದಿಂದ ಇಂಗ್ಲಿಷೂ ಬರುವುದಿಲ್ಲ. ಕನ್ನಡದ ಮೇಲಣ ಭರವಸೆಯೂ ಉಳಿಯುವುದಿಲ್ಲ.

‘ರನ್’ ಎಂಬ ಈ ಪುಟ್ಟ ಪದದ ಸಂಸಾರವನ್ನೊಮ್ಮೆ ನೋಡಬೇಕು. ಮನುಷ್ಯನು ‘ರನ್’ ಮಾಡಿದರೆ ಓಡುತ್ತಾನೆ, ಸರಿ. ಆದರೆ ಹೊಳೆ ‘ರನ್’ ಆದರೆ ಹರಿಯುತ್ತದೆ; ನೆಗಡಿ ಹಿಡಿದವನ ಮೂಗು ‘ರನ್’ ಆದರೆ ಸುರಿಯುತ್ತದೆ; ತೊಳೆದ ಸೀರೆಯ ಬಣ್ಣ ‘ರನ್’ ಆದರೆ ಬಿಡುತ್ತದೆ. ದಾರಿಯು ಗುಡ್ಡದ ಬುಡದಲ್ಲಿ ಸಾಗುವುದೂ ‘ರನ್’. ನಾಟಕವೊಂದು ನೂರು ರಾತ್ರಿ ಪ್ರದರ್ಶನ ಕಾಣುವುದೂ ‘ರನ್’. ಪತ್ರಿಕೆಯು ಸುದ್ದಿಯನ್ನು ಪ್ರಕಟಿಸುವುದೂ ‘ರನ್’. ಅದರ ಬಾಲಕ್ಕೆ ‘ಔಟ್’ ಸೇರಿದರೆ ಮನೆಯ ಅಕ್ಕಿ ಮುಗಿಯುತ್ತದೆ. ‘ಇಂಟು’ ಸೇರಿದರೆ ಹಳೆಯ ಗೆಳೆಯನು ಅಕಸ್ಮಾತ್ತಾಗಿ ಎದುರಾಗುತ್ತಾನೆ. ‘ಓವರ್’ ಸೇರಿದರೆ ಪಾದಚಾರಿಯು ಗಾಡಿಗೆ ಸಿಕ್ಕುತ್ತಾನೆ. ಕ್ರಿಕೆಟ್ ಆಟಗಾರನು ಗಳಿಸುವುದೂ ‘ರನ್ನು’. ಕೋಳಿಗಳು ತಿರುಗಾಡಲು ಬೇಲಿ ಕಟ್ಟಿ ಬಿಟ್ಟ ಜಾಗಕ್ಕೂ ಅದೇ ಹೆಸರು. ಚುನಾವಣೆಗೆ ಅಮೆರಿಕದ ಅಭ್ಯರ್ಥಿಯು ‘ರನ್’ ಮಾಡಿದರೆ, ಇಂಗ್ಲೆಂಡಿನ ಅಭ್ಯರ್ಥಿಯು ‘ಸ್ಟ್ಯಾಂಡ್’ ಮಾಡುತ್ತಾನೆ. ಒಂದೇ ಭಾಷೆ, ಒಂದೇ ಕಾರ್ಯ. ಆದರೂ ಒಬ್ಬನು ಓಡುತ್ತಾನೆ, ಇನ್ನೊಬ್ಬನು ನಿಲ್ಲುತ್ತಾನೆ. ಕನ್ನಡಿಗನು ಈ ವಿಷಯದಲ್ಲಿ ಇಂಗ್ಲೆಂಡಿನವನ ಜೊತೆಗಾರ: ಅವನೂ ಚುನಾವಣೆಗೆ ನಿಲ್ಲುವವನೇ.

ಇಂತಹ ಪದಗಳು ದೊಡ್ಡ ದೊಡ್ಡ ಪಂಡಿತರನ್ನೂ ದಣಿಸಿವೆ. 1755ರಲ್ಲಿ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸ್ಯಾಮ್ಯುಅಲ್ ಜಾನ್ಸನ್ನನು, ಗೆಟ್, ಗಿವ್, ಪುಟ್, ಸೆಟ್, ರನ್, ಟೇಕ್, ಟರ್ನ್ ಮುಂತಾದ ದಿನಬಳಕೆಯ ಕ್ರಿಯಾಪದಗಳೇ ತನ್ನ ಶ್ರಮವನ್ನು ಬಹಳವಾಗಿ ಹೆಚ್ಚಿಸಿದವೆಂದು ಅದರ ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಸಂಚಿಕೆ ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಅದರ 1989ರ 20 ಸಂಪುಟಗಳ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆ ‘ಸೆಟ್’ ಎಂಬ ಪದದ್ದು. ಅದಕ್ಕೆ ಸುಮಾರು 430 ಅರ್ಥಗಳು. ಮುಂದಿನ ಪರಿಷ್ಕರಣದಲ್ಲಿ ‘ರನ್’ ಅದನ್ನೂ ಹಿಂದಿಕ್ಕಿತು. ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥಗಳಿವೆಯೆಂದೂ, ಅವುಗಳನ್ನು ವಿಂಗಡಿಸಲು ಪೀಟರ್ ಗಿಲ್ಲಿವರ್ ಎಂಬ ಸಂಪಾದಕರಿಗೆ 9 ತಿಂಗಳುಗಳು ಹಿಡಿದುವೆಂದೂ 2011ರಲ್ಲಿ ವರದಿಯಾಯಿತು. ಆಜನ್ಮ ಇಂಗ್ಲಿಷ್ ಬಲ್ಲ ವಿದ್ವಾಂಸರೊಬ್ಬರು 9 ತಿಂಗಳು ಹೆಣಗಿದ ಪದವನ್ನು ಹಳ್ಳಿಯ ಬಾಲಕನು ‘ಓಡು’ ಎಂಬ ಎರಡಕ್ಷರದಲ್ಲಿ ಮುಗಿಸಲೆಂದು ನಿರೀಕ್ಷಿಸುವುದು ಯಾವ ನ್ಯಾಯ?

ಹೀಗೆ ಅರ್ಥಗಳು ಬೆಳೆಯುವುದಕ್ಕೆ ಕಾರಣ ಗೂಢವಾದುದೇನೂ ಅಲ್ಲ. ‘ರನ್’ ಇಂಗ್ಲಿಷಿನ ಅತಿ ಹಳೆಯ ಪದಗಳಲ್ಲೊಂದು. ಕಾಲಿನ ಓಟ, ನೀರಿನ ಹರಿವು, ಈ ಎರಡೂ ಅದರಲ್ಲಿ ಮೊದಲಿನಿಂದ ಕೂಡಿಕೊಂಡಿವೆ. ಉಗಿಯಂತ್ರಗಳೂ ರೈಲುಗಳೂ ಬಂದ ಕಾಲದಲ್ಲಿ ಅವಕ್ಕಾಗಿ ಇಂಗ್ಲಿಷರು ಹೊಸ ಕ್ರಿಯಾಪದವನ್ನು ಹುಡುಕುತ್ತ ಕೂಡಲಿಲ್ಲ. ಕೈಗೆಟುಕಿದ ಹಳೆಯ ಪದವನ್ನೇ ಯಂತ್ರಕ್ಕೆ ಹೂಡಿದರು. ಯಂತ್ರಕ್ಕೆ ಹೂಡಿದುದನ್ನು ಕಾರ್ಖಾನೆಗೆ, ಅಂಗಡಿಗೆ, ಸಂಸ್ಥೆಗೆ ವಿಸ್ತರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಕಂಪ್ಯೂಟರು ಬಂದಾಗ ಅದರ ಪ್ರೋಗ್ರಾಮಿಗೂ ಅದನ್ನೇ ಕೊಟ್ಟರು. ಹೆಚ್ಚು ಬಳಸಿದಷ್ಟೂ ಪದಕ್ಕೆ ಹೊಸ ಹೊಸ ನಂಟುಗಳು ಕೂಡಿಕೊಳ್ಳುತ್ತವೆ. ಅಪರೂಪದ ಪದಗಳಿಗೆ ಈ ಭಾಗ್ಯವಿಲ್ಲ. ದಿನವಹಿ ದುಡಿಯುವ ಸಾಮಾನ್ಯ ಪದಗಳಿಗೇ ಇದು ಮೀಸಲು.

ಇದನ್ನು ಕೇಳಿ ಇಂಗ್ಲಿಷಿನ ಸಂಪತ್ತಿಗೆ ಬೆರಗಾಗಿ, ಕನ್ನಡ ಬಡಭಾಷೆಯೆಂದು ನಿಟ್ಟುಸಿರು ಬಿಡುವವರುಂಟು. ಅವರು ತಮ್ಮ ಮನೆಯ ಕಣಜವನ್ನು ಇಣುಕಿ ನೋಡಿದವರಲ್ಲ. ‘ಹರಿ’ ಎಂಬ ಎರಡಕ್ಷರದ ಕನ್ನಡ ಕ್ರಿಯಾಪದವನ್ನೇ ತೆಗೆದುಕೊಳ್ಳಬಹುದು. ನೀರು ಹರಿಯುತ್ತದೆ, ಅಂಗಿ ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ. ವರ್ಷಾನುಗಟ್ಟಲೆ ತಿಣುಕಿದ ಸಾಲ ಹರಿಯುತ್ತದೆ. ಅಣ್ಣತಮ್ಮಂದಿರ ವ್ಯಾಜ್ಯ ಬಗೆಹರಿಯುತ್ತದೆ. ಅಧಿಕಾರಿಯ ದೃಷ್ಟಿ ಊರ ಕಡೆಗೆ ಹರಿಯುತ್ತದೆ. ‘ಬೀಳು’ ಎಂಬುದೂ ಹಾಗೆಯೇ: ಮಳೆ ಬೀಳುತ್ತದೆ, ಬಿಸಿಲು ಬೀಳುತ್ತದೆ, ಕನಸು ಬೀಳುತ್ತದೆ, ಮದುವೆಗೆ ಇಷ್ಟು ಖರ್ಚು ಬೀಳುತ್ತದೆ, ಉಳುಮೆಯಿಲ್ಲದ ಹೊಲ ಬೀಳು ಬೀಳುತ್ತದೆ. ‘ಓಡು’ ಎಂಬುದು ಕೂಡ ಕಾಲಿಗೆ ಮಾತ್ರ ಕಟ್ಟುಬಿದ್ದ ಪದವಲ್ಲ. ಬಸ್ಸು ಓಡುತ್ತದೆ, ಚಲನಚಿತ್ರ ನೂರು ದಿನ ಓಡುತ್ತದೆ, ಲೆಕ್ಕ ಬಿಡಿಸುವಾಗ ತಲೆ ಓಡುವುದಿಲ್ಲ. ಇನ್ನು ನಾಮಪದವಾದರೆ ತಲೆಗೇ ಓಡು ಇದೆ. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳನ್ನೂ ಪ್ರಯೋಗಗಳನ್ನೂ ಅಷ್ಟು ಧಾರಾಳವಾಗಿ ಸೇರಿಸಿದುದು ವೃಥಾ ಅಲ್ಲ. ಪದವೊಂದರ ಬಾಳು ತಿಳಿಯಬೇಕಾದರೆ ಅದು ಯಾರೊಡನೆ ಬಾಳುತ್ತದೆಂಬುದನ್ನು ಕಾಣಬೇಕೆಂಬ ಅರಿವು ಆ ಪರದೇಶಿ ಪಂಡಿತರಿಗಿತ್ತು.

ಅಕ್ಷರ ತಿಳಿಯದ ಐದು ವರ್ಷದ ಮಗುವಿಗೂ ‘ಅಂಗಿ ಹರಿಯಿತು’, ‘ನೀರು ಹರಿಯಿತು’ ಎಂಬ ಮಾತುಗಳಲ್ಲಿ ಎಳ್ಳಷ್ಟೂ ಗೊಂದಲವಿಲ್ಲ. ಯಾವ ನಿಘಂಟೂ ಅದಕ್ಕೆ ಬೇಕಾಗಲಿಲ್ಲ. ಯಾವ ಗುರುವೂ ಹರಿಯುವ ಬಗೆಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ಪಕ್ಕದಲ್ಲಿರುವ ಪದವನ್ನು ನೋಡಿ ಅರ್ಥವನ್ನು ಹಿಡಿಯುವ ವಿದ್ಯೆ ತಾಯಿನುಡಿಯೊಡನೆಯೇ ಅದಕ್ಕೆ ಕರಗತವಾಗಿದೆ. ಇಂಗ್ಲಿಷ್ ಕಲಿಯಲು ಬೇಕಾದ ಬೀಗದಕೈ ಅದೇ. ಶಾಲೆಯು ಆ ಕೈಯನ್ನು ಮಗುವಿನಿಂದ ಕಸಿದುಕೊಂಡು, ಬದಲಿಗೆ ಶಬ್ದಾರ್ಥಗಳ ಪಟ್ಟಿಯೊಂದನ್ನು ಕೊಡುತ್ತದೆ.

ಈ ತತ್ತ್ವ ಭಾರತೀಯರಿಗೆ ಹೊಸದಲ್ಲ. ಸುಮಾರು ಕ್ರಿ.ಶ. 5ನೆಯ ಶತಮಾನದ ಭರ್ತೃಹರಿಯು ತನ್ನ ‘ವಾಕ್ಯಪದೀಯ’ದಲ್ಲಿ, ಅನೇಕಾರ್ಥಗಳುಳ್ಳ ಪದದ ಅರ್ಥವನ್ನು ನಿರ್ಣಯಿಸುವುದು ಹೇಗೆಂಬುದನ್ನು ವಿವೇಚಿಸಿ, ಸಂಸರ್ಗ, ಸಾಹಚರ್ಯ, ವಿರೋಧ, ಪ್ರಕರಣ, ದೇಶ, ಕಾಲ ಮೊದಲಾದ ಸಾಧನಗಳನ್ನು ಎಣಿಸಿದ್ದಾನೆ. ಶಾಸ್ತ್ರಕಾರರು ಇದಕ್ಕೆ ಕೊಡುವ ದೃಷ್ಟಾಂತ ಸ್ವಾರಸ್ಯವಾಗಿದೆ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತ ಯಜಮಾನನು ‘ಸೈಂಧವ ತಾ’ ಎಂದರೆ ಸೇವಕನು ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟಾಗ ಹಾಗೆಂದರೆ ಕುದುರೆ ತರಬೇಕು. ಪಂಕ್ತಿಯ ನಡುವೆ ಕುದುರೆಯನ್ನು ತಂದು ನಿಲ್ಲಿಸಿದ ಸೇವಕನಿಗೆ ಪದದ ಅರ್ಥ ತಿಳಿಯದೆಂದು ಹೇಳುವಂತಿಲ್ಲ. ಸಂದರ್ಭ ತಿಳಿಯದು, ಅಷ್ಟೆ. ಪಶ್ಚಿಮದಲ್ಲಿಯೂ ಇದೇ ಮಾತು ಕೇಳಿಬಂದಿದೆ. 1920ರ ದಶಕದಲ್ಲಿ ಲಾಹೋರಿನಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಲಂಡನ್ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಬೋಧಿಸಿದ ಜೆ. ಆರ್. ಫರ್ತ್ ಎಂಬ ವಿದ್ವಾಂಸರು, ಪದದ ಪರಿಚಯವಾಗುವುದು ಅದರ ಸಹವಾಸದಿಂದ ಎಂಬ ತಾತ್ಪರ್ಯದ ಮಾತನ್ನು 1957ರ ಬರಹವೊಂದರಲ್ಲಿ ಆಡಿದರು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅರ್ಥಗಳನ್ನೆಲ್ಲ ಒಮ್ಮೆಗೇ ಮುಂದಿಟ್ಟರೆ ಎಳೆಯರು ಕಂಗಾಲಾಗುವುದಿಲ್ಲವೆ? ಪರೀಕ್ಷೆಗೆ ಒಂದು ಅರ್ಥ ಸಾಲದೆ? ಪಾಠ ಮುಗಿಸಲು ಸಮಯವೆಲ್ಲಿ? ಎಂದು ಅನುಭವಿ ಉಪಾಧ್ಯಾಯರೇ ಕೇಳುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. 645 ಅರ್ಥಗಳನ್ನು ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷರ ಮಕ್ಕಳೂ ಕಲಿತವರಲ್ಲ. ಮೊದಲ ದಿನ ‘ಓಡು’ ಎಂದು ಹೇಳಿಕೊಡುವುದರಲ್ಲಿಯೂ ದೋಷವಿಲ್ಲ. ಅದೇ ಕೊನೆಯ ಮಾತೆಂದು ಬಾಗಿಲಿಕ್ಕುವುದರಲ್ಲಿ ದೋಷವಿದೆ. ಮುಂದಿನ ತರಗತಿಯಲ್ಲಿ ಅದೇ ಪದವಿರುವ ನಾಲ್ಕು ಸರಳ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ‘ಇಲ್ಲಿ ಓಡುತ್ತಿರುವುದು ಏನು? ಹೊಳೆಯೋ, ಮೂಗೋ, ಅಂಗಡಿಯೋ? ಅದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿದರೆ ಸಾಕು. ಹರಿಯುತ್ತದೆ, ಸುರಿಯುತ್ತದೆ, ನಡೆಯುತ್ತದೆ ಎಂಬ ಉತ್ತರಗಳು ಮಕ್ಕಳ ಬಾಯಿಂದಲೇ ಬರುತ್ತವೆ. ಆಮೇಲೆ ‘ಹರಿ’ ಎಂಬುದನ್ನು ಬಳಸಿ ಹತ್ತು ಕನ್ನಡ ವಾಕ್ಯ ಹೇಳಿರೆಂದರೆ, ಅಂದು ನಗೆಗೀಡಾದ ಬಾಲಕನೇ ಮೊದಲು ಕೈಯೆತ್ತಬಹುದು. ಇದಕ್ಕೆ ಹಿಡಿಯುವುದು ಹತ್ತು ನಿಮಿಷ.

ಇನ್ನು ಪರೀಕ್ಷೆಯ ಮಾತು. ಬಿಡಿಪದ ಕೊಟ್ಟು ಅರ್ಥ ಬರೆಯಿರೆಂದು ಕೇಳುವ ಪ್ರಶ್ನೆ ಇರುವವರೆಗೂ ಗೈಡು ಪುಸ್ತಕಗಳ ರಾಜ್ಯ ತಪ್ಪದು. ಅದರ ಬದಲು ಪದವನ್ನು ವಾಕ್ಯದಲ್ಲಿಟ್ಟು ಕೇಳುವುದು ಶಾಲೆಯ ಕಿರುಪರೀಕ್ಷೆಗಳಲ್ಲಿಯಾದರೂ ಉಪಾಧ್ಯಾಯರ ಕೈಯಲ್ಲಿಯೇ ಇದೆ. ಯಾವ ಇಲಾಖೆಯ ಅಪ್ಪಣೆಗೂ ಕಾಯಬೇಕಾಗಿಲ್ಲ. ಈಗ ಕೈಯಲ್ಲಿಯ ಮೊಬೈಲ್ ಫೋನೇ ಅನುವಾದಿಸಿ ಕೊಡುವಾಗ ಈ ಶ್ರಮವೇಕೆಂದು ಕೇಳುವವರೂ ಇದ್ದಾರೆ. ಯಂತ್ರವು ಹತ್ತು ಅರ್ಥಗಳನ್ನು ಮುಂದಿಡಬಹುದು. ಹತ್ತರಲ್ಲಿ ಇಲ್ಲಿ ಹೊಂದುವುದು ಯಾವುದೆಂದು ಅರಿಯುವ ವಿವೇಕ ಮಗುವಿನದೇ ಆಗಬೇಕು.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇಂತಹ ಶಾಲೆಗಳಿಗೆ ಮಾಡಿದ ಉಪಕಾರ ಬಹಳ ದೊಡ್ಡದು. ಕೊಠಡಿಗಳಿಗೂ ಗಡಿಯಾರಗಳಿಗೂ ಪದಕಗಳಿಗೂ ಅವರ ಹೆಸರುಗಳಿವೆ. ತರಗತಿಗೊಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು, ಜೊತೆಗೊಂದು ಕನ್ನಡ–ಕನ್ನಡ ನಿಘಂಟು, ಇವನ್ನು ಕೊಡಿಸುವ ಸಂಕಲ್ಪವನ್ನು ಯಾರಾದರೂ ಮಾಡಿದರೆ ಅದು ಹೆಚ್ಚಿನ ವೆಚ್ಚದ ಕೆಲಸವೂ ಅಲ್ಲ, ಕಡಿಮೆ ಪುಣ್ಯದ ಕೆಲಸವೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟು 8 ಸಂಪುಟಗಳಲ್ಲಿ 1995ರಲ್ಲಿ ಪೂರ್ಣಗೊಂಡಿತು. ಅಂತಹ ಗ್ರಂಥವನ್ನು ಕಣ್ಣಾರೆ ಕಾಣದೆ ಶಾಲೆ ಮುಗಿಸುವ ಮಕ್ಕಳು ಎಷ್ಟೋ ಮಂದಿ. ಆದರೆ ಒಂದು ಕಟ್ಟಳೆ ಇರಬೇಕು: ಆ ನಿಘಂಟುಗಳು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂಡಬಾರದು. ಮಕ್ಕಳ ಕೈ ತಾಗಿ ಅವುಗಳ ಹಾಳೆ ಮುದುಡಬೇಕು, ಅಂಚು ಹರಿಯಬೇಕು. ಹಾಗೆ ಹರಿದ ನಿಘಂಟೇ ದಾನ ಸಾರ್ಥಕವಾದುದಕ್ಕೆ ಸಾಕ್ಷಿ.

ಮೊದಲಿನ ವಾಕ್ಯಕ್ಕೆ ಮರಳಿ ಬರಬಹುದು. ಇಂಗ್ಲಿಷಿನಲ್ಲಿ ಶಾಲೆಯನ್ನು ‘ರನ್’ ಮಾಡುತ್ತಾರೆ. ಕನ್ನಡದಲ್ಲಿ ಶಾಲೆಯನ್ನು ನಡೆಸುತ್ತಾರೆ. ಇಂಗ್ಲಿಷರು ಓಡುವಲ್ಲಿ ಕನ್ನಡಿಗರು ನಡೆಯುತ್ತಾರೆ. ಇದರಿಂದ ಒಬ್ಬರು ಚುರುಕು, ಇನ್ನೊಬ್ಬರು ಮಂದವೆಂದು ಭಾವಿಸಬೇಕಾಗಿಲ್ಲ. ಎರಡು ನುಡಿಗಳು ಎರಡು ದಾರಿ ಹಿಡಿದಿವೆ, ಅಷ್ಟೆ. ಕನ್ನಡದ ‘ನಡೆ’ಗೆ ಹೆಜ್ಜೆಯಿಡುವುದೆಂಬ ಅರ್ಥವೂ ಇದೆ, ಆಚರಣೆಯೆಂಬ ಅರ್ಥವೂ ಇದೆ. ಶಾಲೆ ನಡೆಸುವುದೆಂದಾಗ ಅವೆರಡೂ ಕೂಡಿಯೇ ಬರುತ್ತವೆ. ‘ರನ್’ ಎಂಬುದಕ್ಕೆ ಇಲ್ಲಿ ‘ನಡೆಸು’ ಎನ್ನಬೇಕೆಂದು ತಾನಾಗಿ ಕಂಡುಕೊಂಡ ಮಗು ಅಂದು ಎರಡು ಭಾಷೆಗಳನ್ನೂ ಒಂದಿಷ್ಟು ಕಲಿತಿರುತ್ತದೆ. ಅದು ತಪ್ಪಿ ‘ಓಡುತ್ತಾರೆ’ ಎಂದ ದಿನ ನಗದೆ, ‘ಇನ್ನೊಮ್ಮೆ ನೋಡು ಮಗೂ, ಪಕ್ಕದಲ್ಲಿ ಯಾವ ಮಾತಿದೆ?’ ಎಂದು ಕೇಳುವ ಉಪಾಧ್ಯಾಯರಿರುವ ಶಾಲೆ ಚೆನ್ನಾಗಿ ನಡೆಯುತ್ತಿದೆಯೆಂದು ಧೈರ್ಯವಾಗಿ ಹೇಳಬಹುದು.