ಮೂಗಿನ ಹೊಳ್ಳೆಗಳ ಸರದಿ ಕೆಲಸ

ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದರಿಂದ ಉಸಿರಾಡಿ ನೋಡಿ. ಬಳಿಕ ಹೊಳ್ಳೆ ಬದಲಿಸಿ. ಒಂದರಲ್ಲಿ ಗಾಳಿ ಸರಾಗ, ಇನ್ನೊಂದರಲ್ಲಿ ತುಸು ಬಿಗಿ ಎನಿಸಿತೇ? ಗಾಬರಿ ಬೇಡ. ಆರೋಗ್ಯವಂತರಲ್ಲೂ ಇದು ಸಹಜ.

ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳ ದಟ್ಟ ಜಾಲವಿದೆ. ರಕ್ತ ತುಂಬಿದಾಗ ಪೊರೆ ಊದಿ ಗಾಳಿಯ ದಾರಿ ಕಿರಿದಾಗುತ್ತದೆ. ರಕ್ತ ಇಳಿದಾಗ ಅಗಲವಾಗುತ್ತದೆ. ಅನೇಕರಲ್ಲಿ ಕೆಲವು ಗಂಟೆಗಳಿಗೊಮ್ಮೆ ಹೊಳ್ಳೆಗಳು ಸರದಿ ಬದಲಿಸುತ್ತವೆ. ಈ 'ನಾಸಿಕ ಚಕ್ರ'ವನ್ನು ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ವಿವರಿಸಿದರು.

ಇದನ್ನು ಅಳೆಯುವುದು ಹೇಗೆ? ಹಿಂದೆ ಮೂಗಿನ ಕೆಳಗೆ ತಣ್ಣನೆಯ ಕನ್ನಡಿ ಹಿಡಿದು, ಅದರ ಮೇಲೆ ಮೂಡುವ ಮಂಜಿನ ಕಲೆಗಳನ್ನು ಹೋಲಿಸುತ್ತಿದ್ದರು. ಇಂದು ಇದಕ್ಕೆ ರೈನೋಮಾನೋಮೀಟರ್ ಎಂಬ ಉಪಕರಣವಿದೆ. ಒಂದು ಹೊಳ್ಳೆಗೆ ನಳಿಕೆ ಅಂಟಿಸಿ ಒತ್ತಡವನ್ನೂ, ಮುಖವಾಡದ ಮೂಲಕ ಇನ್ನೊಂದು ಹೊಳ್ಳೆಯ ಗಾಳಿಯ ಹರಿವನ್ನೂ ಅಳೆಯುತ್ತಾರೆ. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ಸಿಗುವುದೇ ಪ್ರತಿರೋಧ. ವಿದ್ಯುತ್ ಪಾಠದ ಓಮ್ ನಿಯಮ ನೆನಪಾಯಿತಲ್ಲವೇ?

ಹೋಲಿಕೆಗೆ ಸಾಮಾನ್ಯವಾಗಿ 150 ಪಾಸ್ಕಲ್ ಒತ್ತಡವನ್ನು ಆರಿಸುತ್ತಾರೆ. ಇದು ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಒಂದು ಉದಾಹರಣೆ ನೋಡೋಣ. ಈ ಒತ್ತಡದಲ್ಲಿ ಪ್ರತಿ ಹೊಳ್ಳೆಯಲ್ಲೂ ಸೆಕೆಂಡಿಗೆ 300 ಮಿಲಿಲೀಟರ್ ಗಾಳಿ ಹರಿದರೆ ಒಟ್ಟು 600. ಎರಡು ಗಂಟೆಯ ಬಳಿಕ ಒಂದರಲ್ಲಿ 150, ಇನ್ನೊಂದರಲ್ಲಿ 450 ಆದರೂ ಒಟ್ಟು ಅಷ್ಟೇ! ಆದ್ದರಿಂದಲೇ ಈ ಏರಿಳಿತ ನಮ್ಮ ಗಮನಕ್ಕೆ ಬರುವುದಿಲ್ಲ. ವೈದ್ಯರೂ ಒಂದೇ ಹೊಳ್ಳೆಯ ಲೆಕ್ಕ ನಂಬದೆ ಎರಡನ್ನೂ ಕೂಡಿಸಿ ನೋಡುತ್ತಾರೆ. ಆರೋಗ್ಯವಂತ ವಯಸ್ಕರಲ್ಲೂ ಈ ಅಳತೆ ಒಬ್ಬರಿಂದೊಬ್ಬರಿಗೆ ಸಾಕಷ್ಟು ಬೇರೆಯಾಗಿರುತ್ತದೆ. ವ್ಯಾಯಾಮ ಮಾಡಿದಾಗ ಪ್ರತಿರೋಧ ಇಳಿಯುತ್ತದೆ, ಮಲಗಿದಾಗ ಏರುತ್ತದೆ.

ಅನಿಸಿಕೆಯನ್ನೇ ನಂಬಿದರೆ ಸಾಲದೇ? ಸಾಲದು. ಮೆಂಥಾಲ್ ಇರುವ ಮುಲಾಮನ್ನು ಮೂಸಿದಾಗ ಮೂಗು ತೆರೆದಂತೆ ಅನಿಸುತ್ತದೆ. ಆದರೆ ಉಪಕರಣದಲ್ಲಿ ಪ್ರತಿರೋಧ ಇಳಿದಿರುವುದಿಲ್ಲ. ಮೆಂಥಾಲ್ ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ಅಷ್ಟೇ.

ತಂದೆ ತಾಯಿಯರು ಗಮನಿಸಬೇಕಾದ ಮಾತೊಂದಿದೆ. ವಯಸ್ಕರ ಅಳತೆ ಮಕ್ಕಳಿಗೆ ಅನ್ವಯಿಸದು. ಅವರ ಮೂಗಿನ ದಾರಿ ಚಿಕ್ಕದು. ಸರದಿಯಂತೆ ಬದಲಾಗುವ ಬಿಗಿತ ರೋಗವಲ್ಲ. ಆದರೆ ಸದಾ ಒಂದೇ ಹೊಳ್ಳೆ ಕಟ್ಟಿದ್ದರೆ, ಮಗು ಯಾವಾಗಲೂ ಬಾಯಿಯಿಂದ ಉಸಿರಾಡುತ್ತಿದ್ದರೆ, ದಿನವೂ ಗೊರಕೆ ಹೊಡೆಯುತ್ತಿದ್ದರೆ, "ಬಾಯಿ ಮುಚ್ಚು" ಎಂದು ಗದರಬೇಡಿ. ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿರಬಹುದು. ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ತರಗತಿಯಲ್ಲಿ ತೂಕಡಿಸುವ ಹುಡುಗ ಸೋಮಾರಿಯೇ ಆಗಿರಬೇಕಿಲ್ಲ. ರಾತ್ರಿ ಉಸಿರಿಗಾಗಿ ಹೆಣಗಿ ನಿದ್ದೆಗೆಟ್ಟಿರಲೂಬಹುದು.